ಮೆಕ್ಸಿಕೊಕ್ಕೆ ಹೋಗದ ಕೌದಿ

ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ಡಾಂಬರ್ ಗುಳಿಗೆಯ ಘಾಟಿನ ಅಡಿಯಿಂದ ಹಳೆ ಸೀರೆಗಳ ವಾಸನೆ ಬಂತು. ಬಿಸಿಲಿಗೆ ಒಣಗಿದ ಹತ್ತಿ, ಸ್ವಲ್ಪ ಒಲೆಯ ಹೊಗೆ... ಕೌದಿ ಮಡಚಿಟ್ಟ ಹಾಗೆಯೇ ಇತ್ತು. ಅದನ್ನು ನಾನು ಒಂದು ದಿನವೂ ಹೊದ್ದಿಲ್ಲ. ಹೊದೆಯುವ ಹಕ್ಕು ನನಗಿಲ್ಲ.

ಅದನ್ನು ಹೊಲಿದವಳು ಬೆಳಗಾವಿ ಶಹಾಪುರದ ನಮ್ಮ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು. ಎಪ್ಪತ್ತರ ದಶಕದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ತವರು ಖಾನಾಪುರ ತಾಲೂಕಿನಲ್ಲಿ, ಹಲಸಿಯ ಹತ್ತಿರ. ನಮ್ಮವ್ವನ ಜೊತೆ ಕನ್ನಡ, ಗಂಡನ ಜೊತೆ ಮರಾಠಿ. ಗಂಡ ಉದ್ಯಮಬಾಗದ ಫೌಂಡ್ರಿಯಲ್ಲಿದ್ದ. ಪಗಾರದ ದಿನ ಕುಡಿದು ಬಂದು ಹೊಡೆಯುತ್ತಿದ್ದ. ಆಗ ಅವಳು ಹಿತ್ತಲ ಬಾಗಿಲಿಂದ ನಮ್ಮ ಅಡುಗೆಮನೆಗೆ ಬಂದು ಕೂರುತ್ತಿದ್ದಳು. ನನ್ನೊಬ್ಬಳಿಗೇ ಎಲ್ಲ ಹೇಳಿ, ಕೊನೆಗೆ "ಇದು ಇಲ್ಲೇ ಇರ್ಲಿ ತಂಗಿ" ಅನ್ನುತ್ತಿದ್ದಳು.

ಉಳಿದ ದಿನಗಳಲ್ಲಿ ಅವಳದೇ ದರ್ಬಾರು. ಓಣಿಯವರ ಹಳೆ ಸೀರೆ, ಧೋತರಗಳೆಲ್ಲ ಅವಳ ಕೈಯಲ್ಲಿ ಕೌದಿಯಾಗುತ್ತಿದ್ದವು. ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದಳು. ಅಂಗೈಯಷ್ಟು ಜಾಗ ಉಳಿದಾಗ ಅದರೊಳಗೆ ರೊಟ್ಟಿಯ ಚೂರೊಂದನ್ನಿಟ್ಟು ಹೊಲಿಗೆ ಮುಗಿಸುತ್ತಿದ್ದಳು. ಅದು ಕೌದಿಯ ಹೊಟ್ಟೆ. "ಅದರ ಹೊಟ್ಟಿ ಖಾಲಿ ಇದ್ರ ಹೊಚ್ಚಗೊಂಡವರಿಗೆ ನಿದ್ದಿ ಹೆಂಗ ಬರಬೇಕು?" ಎಂಬುದು ಅವಳ ನ್ಯಾಯ.

ಎಂಬತ್ತರ ದಶಕದ ಆರಂಭದಲ್ಲಿ, ಸಮಾಜಕಾರ್ಯ ಓದಿದ್ದ ನನಗೆ ಒಂದು ವರ್ಷ ಮೆಕ್ಸಿಕೊದಲ್ಲಿ ಕಲಿಯಲು ಶಿಷ್ಯವೇತನ ಸಿಕ್ಕಿತು. ಬಡವರ ಓಣಿಗಳಲ್ಲಿ ಅಲ್ಲಿಯವರು ಹೇಗೆ ಕೆಲಸ ಮಾಡುತ್ತಾರೆಂದು ನೋಡುವುದು, ಅವರ ಜೊತೆ ಮಾಡುವುದು. ನನ್ನ ಸ್ಪ್ಯಾನಿಷ್ ಹರಕುಮುರುಕು. ತರಗತಿಯಲ್ಲಿ ಒಬ್ಬೊಬ್ಬರೂ ತಮಗೆ ಗೊತ್ತಿದ್ದ ಒಂದು ಕುಟುಂಬದ ಬಗ್ಗೆ ಹೇಳಬೇಕಿತ್ತು. ನಾನು ಕಾಕುವಿನ ಕಥೆ ಹೇಳಿದೆ. ಕುಡಿತ, ಬಾಸುಂಡೆ, ಹಿತ್ತಲ ಬಾಗಿಲು... ನನ್ನಲ್ಲಿದ್ದ ನಾಲ್ಕು ಪದಗಳೆಲ್ಲ ಅದಕ್ಕೇ ಖರ್ಚಾದವು, ಕೌದಿಯ ಮಾತು ಬರಲೇ ಇಲ್ಲ. ಹುಡುಗಿಯರು ಕಣ್ಣೊರೆಸಿಕೊಂಡರು, ಮೇಡಂ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಅದೇ ವಾರ ಗುಡ್ಡದ ಮೇಲಿನ ಓಣಿಯೊಂದಕ್ಕೆ ಹೋಗಿದ್ದೆವು. ಒಬ್ಬ ಹೆಂಗಸು ನನಗೆ ಕುರ್ಚಿ ಕೊಟ್ಟು, ನಿಮ್ಮೂರಿಗೆ ಹೋಗಿ ನಮ್ಮ ಬಗ್ಗೆ ಏನು ಹೇಳುತ್ತೀ ಎಂದು ಕೇಳಿದಳು. ಅವಳಿಗೂ ಗಂಡನ ಗೋಳಿತ್ತು. ಆದರೆ ಅವಳು ಬೆರಳು ಮಾಡಿದ್ದು ತಗಡಿನ ಡಬ್ಬಿಗಳಲ್ಲಿ ಬೆಳೆಸಿದ್ದ ಹೂಗಿಡಗಳತ್ತ. ಇದನ್ನು ಹೇಳು ಎಂದಳು. ಅಂದು ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಊರಿಗೆ ಮರಳಿದಾಗ ಕಾಕುವೂ ಅದನ್ನೇ ಕೇಳಿದಳು.

"ಅಲ್ಲಿ ನನ್ನ ಸುದ್ದಿ ಏನರ ತಗದಿದ್ದೇನ ತಂಗಿ?"

"ನಿಮ್ಮ ಕೌದಿ ಬಗ್ಗೆ ಹೇಳಿದ್ನಿರಿ ಕಾಕು."

"ಹೊಟ್ಟಿ ತುಂಬೂದು?"

"ಅದನ್ನೂ ಹೇಳೀನ್ರಿ."

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಮರುದಿನವೇ ಅವಳು ಆ ಮಂದಿಗೆಂದು ಹೊಸ ಕೌದಿ ಹಿಡಿದಳು. ತನ್ನ ಮದುವೆಯ ಹಸಿರು ಸೀರೆಗೂ ಕತ್ತರಿ ಹಾಕಿದಳು. ಮಳೆಗಾಲವೆಲ್ಲ ಹೊಲಿದು, ಕಳಿಸು ಎಂದು ನನ್ನ ಕೈಗಿಟ್ಟಳು. ಅಂಚೆಯಲ್ಲಿ ಕಳಿಸಬಹುದಿತ್ತು. ಆದರೆ ಯಾರು ಹೊಲಿದದ್ದೆಂದು ಹೇಳಲಿ? ಅಲ್ಲಿಯವರಿಗೆ ಗೊತ್ತಿದ್ದದ್ದು ಏಟು ತಿನ್ನುವ ಒಬ್ಬ ಹೆಂಗಸು ಮಾತ್ರ. ಇಂದು ನಾಳೆ ಎನ್ನುತ್ತ ಟ್ರಂಕಿನಲ್ಲಿಟ್ಟೆ. "ಮುಟ್ಟಿತೇನ?" ಎಂದು ಅವಳು ಕೇಳಿದಾಗ ಮುಟ್ಟಿತು ಎಂದೆ.

ಗಂಡ ತೀರಿಕೊಂಡ ಮೇಲೆ ಕಾಕು ತವರಿಗೆ, ಅಣ್ಣನ ಮನೆಗೆ ಹೋದಳು. ನಿಜ ಹೇಳಿಬಿಡಬೇಕೆಂದೇ ನಾನು ಖಾನಾಪುರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಊಟದ ಹೊತ್ತು. ಪಡಸಾಲೆಯಲ್ಲಿ ಅವಳ ಅತ್ತಿಗೆ, ನೆರೆಹೊರೆಯ ಹೆಂಗಸರು ಇದ್ದರು. ನನ್ನನ್ನು ಕಂಡದ್ದೇ ಕಾಕು ಅವರತ್ತ ತಿರುಗಿದಳು.

"ಬಂದ್ಲು ನೋಡ್ರಿ, ಈಕಿನ್ನ ಕೇಳ್ರಿ. ನನ್ನ ಕೌದಿ ಸಮುದ್ರ ದಾಟಿ ಹೋಗೇತಿ ಅಂದ್ರ ನಮ್ಮ ವೈನಿ ನಂಬಂಗಿಲ್ಲ."

ಅತ್ತಿಗೆ ನನ್ನ ಮುಖವನ್ನೇ ನೋಡಿದಳು. ಆ ಮನೆಯಲ್ಲಿ ಕಾಕುವಿಗಿದ್ದ ಮರ್ಯಾದೆಯೆಲ್ಲ ಆ ಒಂದು ಕೌದಿಯ ಮೇಲೆ ನಿಂತಿತ್ತು.

"ಖರೇ ಐತ್ರಿ" ಎಂದೆ.

ಅತ್ತಿಗೆ ಕಾಕುವಿನ ತಾಟಿಗೆ ಇನ್ನಷ್ಟು ತುಪ್ಪ ಬಡಿಸಿದಳು. ಕಾಕು ಉಣ್ಣುತ್ತ, "ಅಲ್ಲಿ ಥಂಡಿ ಭಾಳ ಏನ? ಹೊಚ್ಚಗೊಂಡಾರಲ್ಲ?" ಎಂದು ಕೇಳಿದಳು. ಹೊಚ್ಚಗೊಂಡಾರ್ರಿ ಎಂದೆ. ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಅವಳಿರಲಿಲ್ಲ...

ಮೊನ್ನೆ ಅದನ್ನು ಬಿಸಿಲಿಗೆ ಹರವಿ ಹೊಟ್ಟೆಯ ಜಾಗ ಮುಟ್ಟಿ ನೋಡಿದೆ. ರೊಟ್ಟಿಯ ಚೂರು ಪುಡಿಯಾಗಿ ರವೆಯಂತೆ ಬೆರಳಿಗೆ ಸಿಕ್ಕಿತು. ಸೊಸೆ ಬಂದು, "ಎಷ್ಟ್ ಛಲೋ ಐತಿ. ಗಾದಿ ಮ್ಯಾಲ ಹಾಸಲೇನ್ರಿ ಅತ್ತಿ?" ಎಂದಳು.

"ಬ್ಯಾಡವಾ. ಅದು ನಮ್ಮದಲ್ಲ."

ಮತ್ಯಾರದು ಎಂದು ಕೇಳಿದಳು. ಶಹಾಪುರದಲ್ಲಿ ಕೌದಿ ಹೊಲಿಯುತ್ತಿದ್ದ ಒಬ್ಬ ಕಾಕುವಿನ ಬಗ್ಗೆ ಹೇಳಿದೆ. ಹೊಟ್ಟೆ ತುಂಬುವುದನ್ನು ಹೇಳಿದೆ, ಹಸಿರು ಸೀರೆಯನ್ನು ತೋರಿಸಿದೆ. ಗಂಡನ ಸುದ್ದಿ ಎತ್ತಲಿಲ್ಲ. ಇಷ್ಟು ವರ್ಷದ ಮೇಲಾದರೂ ಹೇಳಬೇಕಾದಷ್ಟನ್ನೇ ಹೇಳಿದೆನಲ್ಲ ಎಂದು ಸಮಾಧಾನವಾಗಿತ್ತು. ಈಗ ನೋಡಿದರೆ, ಉಳಿದದ್ದನ್ನೆಲ್ಲ ಇಲ್ಲಿ ಬರೆದುಬಿಟ್ಟಿದ್ದೇನೆ.

ಇಲ್ಲೇ ಇರ್ಲಿ ತಂಗಿ, ಅಂದಿದ್ದಳು ಕಾಕು.