ಮೂಲೆಮನೆಯ ಹಿಂದಿನ ಎರಡು ಖೋಲಿ

ಮಹಾರಾಷ್ಟ್ರದ ಗಡಿಯೂರು ಮಿರಜದ ನಮ್ಮ ಓಣಿಯ ಮೂಲೆಮನೆಯನ್ನು ವಸತಿಯಿಂದ ಕಚೇರಿಗೆ ಬದಲಾಯಿಸಬೇಕೋ ಬೇಡವೋ ಎಂಬ ಜಗಳ ಶುರುವಾದಾಗ ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಕೂಗಿದ್ದೆ. ಅಲ್ಲಿ ಯಾರು ಗೆದ್ದರೂ ಯಾರ ಮನೆಯ ಪಾತ್ರೆಯೂ ಕದಲುತ್ತಿರಲಿಲ್ಲ. ಇಲ್ಲಿ ಕದಲುವುದಿತ್ತು.

ಮನೆಯ ಮಾಲೀಕರು ನಮಗೆಲ್ಲ ಕಾಕಾ. ಅವರು ಸಾಂಗ್ಲಿಗೆ ಹೋಗಿ ಎಷ್ಟೋ ವರ್ಷವಾಯಿತು. ಆಸ್ಪತ್ರೆಯ ವಿಮೆ ಕಾಗದಪತ್ರ ನೋಡುವ ಕಚೇರಿಗೆ ಮನೆ ಪೂರ್ತಿ ಕೊಡುವುದು ಅವರ ಯೋಜನೆ. ಆದರೆ ಹಿಂದಿನ ಎರಡು ಖೋಲಿಯಲ್ಲಿ ಬಾಡಿಗೆಗೆ ಮಾವಶಿ ಇದ್ದರು. ಸಲಗರೆಯ ಆಚೆ, ಕರ್ನಾಟಕದ ಗಡಿಯೊಳಗಿನ ಹಳ್ಳಿಯವರು, ಒಂಟಿ ಹೆಂಗಸು, ಓಣಿಯ ಅರ್ಧ ಹೆಂಗಸರ ಕುಪ್ಪಸ ಅವರ ಹೊಲಿಗೆ. ಕಾಕಾನ ಅರ್ಜಿ ಮಂಜೂರಾದರೆ ಅವರು ಖಾಲಿ ಮಾಡಲೇಬೇಕು.

ವಿಚಾರಣೆ ಶಾಲೆಯ ಸಭಾಂಗಣದಲ್ಲಿ. ನಗರಪಾಲಿಕೆಯಿಂದ ಒಬ್ಬ ಸಾಹೇಬರು ಬಂದಿದ್ದರು. ಮರಾಠಿ ಬಿಟ್ಟು ಬೇರೇನೂ ಬಾರದವರು. ನಾನು ಎದ್ದು ನಿಂತು, ವಾಹನ, ಗದ್ದಲ, ಓಣಿಯ ಅಗಲ ಎಂದು ಒಂದಾದ ಮೇಲೊಂದು ಬಿಟ್ಟೆ. ಮರಾಠಿಯಲ್ಲಿ, ಒಂದೂ ತಡವರಿಸದೆ. ಚಪ್ಪಾಳೆ ಕೂಡ ಬಿತ್ತು.

ಕಾಕಾ ಕುಂತಲ್ಲೇ ಕನ್ನಡದಲ್ಲಿ ಕೇಳಿದರು, "ವಕೀಲೀಣಬಾಯಿ, ನಿಮ್ಮಪ್ಪ ಮುಂಜಾನಿ ಆರಕ್ಕ ಪಡಸಾಲ್ಯಾಗ ಟ್ಯೂಶನ್ ತಗೋತಾನಲ್ಲ, ಓಣಿ ತುಂಬ ಸೈಕಲ್. ಅದು ವಸತಿನೋ, ಕಚೇರಿನೋ?"

ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತು. ಅಲ್ಲೇ ಕೂತಿದ್ದ ಅಪ್ಪ ಸೂರು ನೋಡತೊಡಗಿದ. ಎದುರಾಳಿಯ ಪ್ರಶ್ನೆ ಸರಿಯಾಗಿದ್ದರೆ ಅದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು ಎಂದು ನಮಗೆ ಕಲಿಸಿದ್ದರು. ಒಪ್ಪಿಕೊಂಡೆ. ಮುಂದೆ ಹೋಗಲು ಮಾತ್ರ ದಾರಿ ಕಾಣಲಿಲ್ಲ.

ಆಗ ಸಾಹೇಬರು ಕಾಗದವೊಂದನ್ನು ಎತ್ತಿ, ಬಾಡಿಗೆದಾರರೇ ಬರೆದುಕೊಟ್ಟಿದ್ದಾರಲ್ಲ ಎಂದು ಓದಿದರು: "ಹರಕತ್ ನಾಹಿ." ಮರಾಠಿಯಲ್ಲಿ ಹಾಗೆಂದರೆ ಆಕ್ಷೇಪಣೆ ಇಲ್ಲ. ಕೆಳಗೆ ಮಾವಶಿಯ ದುಂಡನೆಯ ಕನ್ನಡ ಸಹಿ.

ಮುಗಿಯಿತು ಅಂದುಕೊಂಡು ತಿರುಗಿ ನೋಡಿದರೆ ಮಾವಶಿ ಖುಷಿಯಾಗಿ ತಲೆಯಾಡಿಸುತ್ತಿದ್ದರು! ಸಾಹೇಬರು ತಮ್ಮ ಆರೋಗ್ಯವನ್ನು ಸಭೆಯಲ್ಲಿ ವಿಚಾರಿಸಿದಂತೆ. ನಾನು ಅವರ ಕಡೆ ಬಗ್ಗಿದೆ.

"ಮಾವಶಿ, ಇದಕ್ಕ ಸಹಿ ಯಾವಾಗ ಮಾಡಿದ್ರಿ?"

"ಒಬ್ಬಾಂವ ಹುಡುಗ ಬಂದಿದ್ದ. ಹರಕತ್ ಏನರ ಐತೇನು ಅಂತ ಕೇಳಿದ. ಮೊಣಕಾಲು ಆಗ ಒಂದೀಟು ಹಗೂರಾಗಿತ್ತು ನೋಡು, ಹರಕತ್ತಿಲ್ಲಪಾ ಅಂದೆ."

"ಸಹಿ?"

"ನೀವು ಅಂದದ್ದನ್ನ ಬರದೀನಿ ಅಂದ. ನಾ ಅಂದದ್ದನ್ನ ಬರದಿದ್ದ, ಮಾಡಿದೆ. ದವಾಖಾನಿಯವರು ಮನಿಮನಿಗೆ ಬರ್ತಾರಲ್ಲ, ಹಂಗ ಅನ್ಕೊಂಡೆ."

ಮಾವಶಿಯ ಊರಿನ ಕನ್ನಡದಲ್ಲಿ ಹರಕತ್ತಿಲ್ಲ ಎಂದರೆ 'ಪರವಾಗಿಲ್ಲ, ಹೇಗೋ ನಡೆದಿದೆ'. ಹೇಗಿದ್ದೀರಿ ಎಂದು ಕೇಳಿದವರಿಗೆ ದಿನಕ್ಕೆ ಹತ್ತು ಸಲ ಹೇಳುವ ಉತ್ತರ. ನಾನು ಇದನ್ನು ಸಾಹೇಬರಿಗೆ ಮರಾಠಿಯಲ್ಲಿ ವಿವರಿಸುವಾಗ ನನ್ನ ನಾಲಿಗೆ ನನಗಿಂತ ಮುಂದೆ ಓಡುತ್ತಿತ್ತು. ಅವರು ಅನುಮಾನದಿಂದ ಕಾಕಾನ ಕಡೆ ನೋಡಿದರು.

ಕಾಕಾ ಕನ್ನಡಕ ತೆಗೆದರು. ಅವರ ಅವ್ವ ಗಡಿಯ ಆಚೆಯವಳೇ. "ಖರೇ ಸಾಹೇಬ್ರ, ನಮ್ಮವ್ವ ಸಾಯೋ ದಿನಾನೂ ಹಂಗ ಅಂದಿದ್ಲು," ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಎಚ್ಚೆತ್ತು ಅದನ್ನು ಮರಾಠಿಗೆ ತಂದರು. ಹುಡುಗನನ್ನು ವಿಮೆ ಕಚೇರಿಯವರು ಕಳಿಸಿದ್ದರಂತೆ, ಅವರಿಗೂ ಈ ತೊಡಕು ಹೊಳೆದಿರಲಿಲ್ಲ.

ಸಾಹೇಬರು ಹಳೆಯ ಕಾಗದಕ್ಕೆ ಅಡ್ಡಗೆರೆ ಎಳೆದರು. ಹಾಗಿದ್ದರೆ 'ಹರಕತ್ ಆಹೆ', ಅಂದರೆ ಆಕ್ಷೇಪಣೆ ಇದೆ ಎಂದು ಬರೆದು ಸಹಿ ಮಾಡಲಿ ಎಂದರು. ಮಾವಶಿ ಪೆನ್ನು ಮುಟ್ಟಲಿಲ್ಲ; ಅವರ ಕಿವಿಗೆ ಅದು 'ಕಾಯಿಲೆ ಇದೆ' ಎಂದಂತಾಗಿತ್ತು. "ಇದ್ದ ಜಡ್ಡು ಸಾಲದಂತ ಬರದು ಬ್ಯಾರೆ ಕೊಡ್ಲೇನು? ಮನಿ ಬಿಡಂಗಿಲ್ಲ ಅಂತ ಬರಿ. ಅಷ್ಟ ಬರಿ." ನಾನು ಅಷ್ಟೇ ಬರೆದೆ. ಜೀವಮಾನದಲ್ಲಿ ನಾನು ಬರೆದ ಅತಿ ಚಿಕ್ಕ ವಾದ, ಅದೂ ನನ್ನದಲ್ಲ.

ಕಾಕಾ ಕನ್ನಡಕ ಮತ್ತೆ ಹಾಕಿಕೊಂಡು, ಮುಂಭಾಗವಷ್ಟೇ ಕಚೇರಿಗೆ ಇರಲಿ, ಹಿಂದಿನ ಎರಡು ಖೋಲಿ ವಸತಿಯೇ ಎಂದರು. ಬಾಯಿಮಾತನ್ನು ನಂಬುವ ಜಾತಿ ನನ್ನದಲ್ಲ. "ಲಿಖಿತದಾಗ ಕೊಡ್ರಿ ಕಾಕಾ," ಎಂದೆ. "ಕೊಡ್ತೀನಿ ತಾಯೀ, ಉಸರರ ಬಿಡಾಕ ಬಿಡು," ಎನ್ನುತ್ತ ಮನೆಯ ನಕಾಶೆಯ ಮೇಲೆ ಕೆಂಪು ಗೆರೆ ಎಳೆದು ನನ್ನ ಮುಂದೆ ಹಿಡಿದರು. ಅಳತೆ ನೋಡಿದೆ, ಬಾಗಿಲು ನೋಡಿದೆ, ಎಲ್ಲ ಸರಿ ಇತ್ತು. ಗೆದ್ದೆವು ಎಂದು ಕೈ ಎತ್ತುವವಳಿದ್ದೆ.

ಮಾವಶಿ ನಕಾಶೆಯನ್ನು ತಮ್ಮ ಕಡೆ ಎಳೆದುಕೊಂಡರು. ಓದಲಿಲ್ಲ, ಬೆರಳಿಟ್ಟು ತಮ್ಮ ಬಾಗಿಲಿನಿಂದ ಹಿತ್ತಲಿಗೆ ನಡೆದರು, ಬಚ್ಚಲಿಗೆ ನಡೆದರು, ನಿಂತರು.

"ನಳ ಎಲ್ಲೈತಿ?"

ಎಲ್ಲರೂ ಬಗ್ಗಿದರು. ನಳ ಗೆರೆಯ ಆಚೆ, ಕಚೇರಿಯೊಳಗೆ ಹೋಗಿತ್ತು.

"ಮನಿ ಕೊಟ್ಟು ನೀರು ಇಟ್ಕೊಂಡ್ರಿ?" ಎಂದರು ಮಾವಶಿ. ಕಾಕಾ ಪೆನ್ನು ತೆಗೆದುಕೊಂಡು ಗೆರೆಯನ್ನು ನಳದ ಆಚೆಗೆ ಸರಿಸಿದರು. ಮಾವಶಿ ನಳದ ಆಚೆ ಬೆರಳೂರಿ, "ಬಿಂದಗಿ ಇಡಾಕ ಜಾಗಾ ಬ್ಯಾಡೇನು? ಇನ್ನೊಂದೀಟು ಸರಸ್ರಿ," ಎಂದರು. ಗೆರೆ ಇನ್ನೊಂದಿಷ್ಟು ಸರಿಯಿತು.