ಮೂವರು ಶರಣಮ್ಮರು, ಒಂದು ಕೆಂಪು ಗುರುತು

ಗೆಳೆಯರೇ, ಇವತ್ತು ಸೇಡಂ ರಸ್ತೆಯ ನಮ್ಮ ಸಂಘದ ಕಚೇರಿಯಲ್ಲಿ ಒಂದು ಪೈಥಾನ್ ಪ್ರೋಗ್ರಾಂ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ.

ಪಿಂಚಣಿ ನಿಂತುಹೋದ ಮುದುಕಿಯರ ಪಟ್ಟಿಯನ್ನು ಮಧ್ಯಾಹ್ನದೊಳಗೆ ಕಮಲಾಪುರದ ತಾಲ್ಲೂಕು ಕಚೇರಿಗೆ ಮುಟ್ಟಿಸಬೇಕಿತ್ತು. ಕೆಲವರು ಎರಡೆರಡು ಅರ್ಜಿ ಹಾಕಿದ್ದರು. ಪಟ್ಟಿ ಸೋಸುವ ಪ್ರೋಗ್ರಾಂ ಬರೆದ, ಸಂಘದ ಕಂಪ್ಯೂಟರ್ ಕೆಲಸ ನೋಡುವ ಕಮಲಾಪುರದ ಮಹಾದೇವಿಗೆ ಹುಕುಂ ಮಾಡಿದೆ: "ಹೆಸರು, ಹುಟ್ಟಿದ ದಿನ ಎರಡೂ ಒಂದೇ ಇದ್ದರ ಒಬ್ಬರನ್ನ ಇಟ್ಟು ಉಳಿದೋರ್ನ ತೆಗಿ."

ಅವಳು ಹಾಗೆಯೇ ಕೋಡ್ ಬದಲಿಸಿ ಕಳಿಸಿದಳು. ಯಾವ ಬದಲಾವಣೆ ಬಂದರೂ ತಾನಾಗಿಯೇ ಪರೀಕ್ಷೆ ನಡೆಯುವ ಏರ್ಪಾಡನ್ನು ಅವಳೇ ಮಾಡಿಟ್ಟಿದ್ದಾಳೆ. ಬೇಕಾದ ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡ್ ಕಟ್ಟುಗಳನ್ನು, ಪ್ರತಿ ಸಲ ಇಂಟರ್‌ನೆಟ್‌ನಿಂದ ಹೊಸದಾಗಿ ಇಳಿಸಿಕೊಳ್ಳದೆ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟಿದ್ದರಿಂದ ನನ್ನ ಚಹಾ ಆರುವುದರೊಳಗೆ ಉತ್ತರ ಬಂತು. ಕೆಂಪು ಗುರುತು, ಅಂದರೆ ಪರೀಕ್ಷೆಯಲ್ಲಿ ಫೇಲು. ಕೋಡ್ ಮುಂದೆ ಹೋಗಲಿಲ್ಲ.

"ಏನವ್ವಾ, ನಿನ್ನ ಮಷೀನು ನನಗೇ ಅಡ್ಡ ಬರ್ತದಲ್ಲ!" ಎಂದು ರೇಗಿದೆ.

"ಅಡ್ಡ ಬರ್ಲಿ ಅಂತನೇ ಇಟ್ಟೀನ್ರಿ ಅಣ್ಣಾರ. ನಮ್ಮ ಓಣ್ಯಾಗ ಮೂರು ಮಂದಿ ಶರಣಮ್ಮ ಅದಾರ. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಆಧಾರ್‌ದಾಗ ಮೂವರಿಗೂ ಒಂದೇ ವರ್ಷದ ಜನವರಿ ಒಂದು ಅಂತ ಬರದಾರ. ಮೂವರೂ ಪಟ್ಟಿದಾಗ ಉಳೀಬೇಕು ಅನ್ನೋದೇ ನನ್ನ ಮೊದಲನೇ ಟೆಸ್ಟ್. ನೀವು ಹೇಳಿದಂಗ ಮಾಡಿದ್ರ ಇಬ್ಬರು ಹೋಗ್ತಾರ್ರಿ."

ಹೆಸರು ಅಳಿಸಿದ ಅಧಿಕಾರಿಗಳ ಮೇಜು ಗುದ್ದುತ್ತಲೇ ಕೂದಲು ಹಣ್ಣಾದವನು ನಾನು. ಇವತ್ತು ಅಳಿಸಲು ಹೊರಟವನೂ ನಾನೇ. ಮಹಾದೇವಿ ಆಧಾರ್ ಸಂಖ್ಯೆ ಹೋಲಿಸುವಂತೆ ತಿದ್ದಿದಳು. ಹಸಿರು ಬಂತು. ಮೂವರು ಶರಣಮ್ಮರೂ ಪಟ್ಟಿಯಲ್ಲಿ ಉಳಿದರು.

ನಾನು ಅಧ್ಯಕ್ಷನಾಗಿರುವ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಹನ್ನೊಂದು ಜನರಿದ್ದಾರೆ. ನನ್ನ ಆದೇಶವನ್ನು ನೇರವಾಗಿ ತಡೆದ ಮೊದಲ ಸದಸ್ಯ ಈ ಪರೀಕ್ಷೆಯೇ.