ಹೊಟ್ಟೆ ತುಂಬಿದ ಬಿಜ್ಜು

ಬೆಳಗಿನ ಚಹಾ ಕುಡಿಯುವಾಗ ನನ್ನ ಎಡಗೈ ಈಗಲೂ ತನ್ನಷ್ಟಕ್ಕೆ ಮೇಲೇಳುತ್ತದೆ. ಮೊಣಕೈ ಮಡಿಸಿ, ಮುಷ್ಟಿ ಕಟ್ಟಿ, ಎದೆಯ ಮಟ್ಟಕ್ಕೆ. ತಂಗಿ ನೋಡಿ ನಗುತ್ತಾಳೆ. "ಇಳಿಸೇ ಕೈನ, ಹಕ್ಕಿ ಹೋಗಿ ವರ್ಷ ಆಯ್ತು." ಇಳಿಸುತ್ತೇನೆ. ಆ ಮುಷ್ಟಿಯ ಮೇಲೆ ಒಂದು ಬಿಜ್ಜು ಕೂರುತ್ತಿತ್ತು. ಪಾರಿವಾಳದ ಗಾತ್ರದ ಗಿಡುಗ, ಹಳದಿ ಕಣ್ಣು, ಮಹಾ ಕೋಪಿಷ್ಠ. ಅದಿಲ್ಲದ ಬೆಳಗು ನನಗಿನ್ನೂ ರೂಢಿಯಾಗಿಲ್ಲ.

ಗೊರಗುಂಟೆಪಾಳ್ಯದ ಒಂದು ಮರದಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡಿದ್ದ ಎಳೆಯ ಹಕ್ಕಿ ಅದು. ಯಲಹಂಕದ ಆಚೆ ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಒಂದು ಕೇಂದ್ರವಿದೆ. ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಅಲ್ಲಿ ಪಂಜರ ತೊಳೆಯಲು ಹೋಗುತ್ತಿದ್ದೆ. ಬಿಜ್ಜುವಿನ ಗಾಯವೇನೋ ಮಾಯಿತು, ರೆಕ್ಕೆಯಲ್ಲಿ ಮಾತ್ರ ಕಸುವಿರಲಿಲ್ಲ. ಹಾರಿದರೆ ಎರಡು ಮಾರು, ಆಮೇಲೆ ದೊಪ್ಪನೆ ನೆಲಕ್ಕೆ. ಅಲ್ಲಿನ ಡಾಕ್ಟರಮ್ಮ, ನನ್ನ ಶಿಷ್ಯೆಯರ ವಯಸ್ಸಿನವಳು, ಏನು ಮಾಡುವುದೆಂದು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ನಾನು ಬಾಯಿ ಬಿಟ್ಟೆ. ನಮ್ಮ ತಾತ ಗಿಡುಗ ಸಾಕುತ್ತಿದ್ದರು, ಅವರ ಹಾಗೆ ಪಳಗಿಸಿ ದಿನಾ ಹಾರಿಸಿದರೆ ರೆಕ್ಕೆಗೆ ಕಸುವು ಬಂದೀತು ಎಂದೆ.

ಹೆಬ್ಬಾಳ ಕೆರೆಯ ಸುತ್ತ ಇನ್ನೂ ಹೊಲಗಳಿದ್ದ ಕಾಲ ಅದು. ತಾತ ಚಳಿಗಾಲದ ಮೊದಲಿಗೆ ಒಂದು ಹಕ್ಕಿ ಹಿಡಿದು ಪಳಗಿಸಿ, ಅದರೊಂದಿಗೆ ಬೇಟೆಗೆ ಹೋಗುತ್ತಿದ್ದರು. ಬೇಸಗೆ ಬಂದು ಅದು ಗೂಡು ಕಟ್ಟುವ ಹೊತ್ತಾದರೆ ಬಿಟ್ಟುಬಿಡುತ್ತಿದ್ದರು. ಎಷ್ಟೇ ಒಳ್ಳೆಯ ಹಕ್ಕಿಯಾದರೂ ಮರುವರ್ಷಕ್ಕೆ ಇಟ್ಟುಕೊಂಡವರಲ್ಲ. ಮುಂದೆ ಹಿಡಿಯುವುದೇ ಅಪರಾಧ ಎಂಬ ಕಾನೂನು ಬಂದಾಗ ತೊಗಲಿನ ಕೈಗವಸನ್ನು ಟ್ರಂಕಿಗೆ ಹಾಕಿದರು. ಕಾನೂನು ಸರಿಯೇ ಇದೆ ಎನ್ನುತ್ತಿದ್ದರು. ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಕೇಂದ್ರಕ್ಕೆ ಹಕ್ಕಿ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಇತ್ತು. ಡಾಕ್ಟರಮ್ಮ ಒಪ್ಪಿದಳು, ಷರತ್ತಿನ ಮೇಲೆ. "ಮೇಡಂ, ತಾತನ ವಿದ್ಯೆ ಎಲ್ಲಾ ಓಕೆ. ಆದ್ರೆ ಇದು ಬೇಟೆಗಲ್ಲ, ಬಿಡೋದಕ್ಕೆ. ಹೆಸರಿಡ್ಬೇಡಿ, ಮುದ್ದು ಮಾಡ್ಬೇಡಿ, ಮಾತಾಡಿಸ್ಬೇಡಿ. ಮನುಷ್ಯರು ಒಳ್ಳೇವ್ರು ಅಂದ್ಕೊಂಡ್ಬಿಟ್ರೆ ಅದರ ಕತೆ ಮುಗೀತು ಕಣ್ರೀ." ಜೀವಮಾನವೆಲ್ಲ ಮಾತಾಡಿಯೇ ಸಂಬಳ ತಗೊಂಡವಳಿಗೆ ಎಂಥ ಶಿಕ್ಷೆ ನೋಡಿ.

ದಿನಾ ಬೆಳಗ್ಗೆ ಆರ್.ಟಿ. ನಗರದಿಂದ ಬಸ್ಸು, ಹೆಬ್ಬಾಳದ ಜಾಮ್, ಆಮೇಲೆ ತಕ್ಕಡಿ. ಹಕ್ಕಿಯನ್ನು ಮೊದಲು ತೂಗಬೇಕು. ತೂಕ ಹೆಚ್ಚಿದ್ದರೆ ಅದು ನಿಮ್ಮನ್ನು ಲೈಟುಕಂಬಕ್ಕಿಂತ ಕಡೆಯಾಗಿ ನೋಡುತ್ತದೆ. ಕಡಿಮೆಯಾದರೆ ನಿತ್ರಾಣ. ನಡುವೆ ಒಂದು ಹದವಾದ ಹಸಿವಿದೆ. ಅದಿದ್ದಾಗ ಮಾತ್ರ ಸಿಳ್ಳೆ ಕೇಳಿ ಹಾರಿಬಂದು ಮುಷ್ಟಿಯ ಮೇಲಿನ ಮಾಂಸ ತಿನ್ನುತ್ತದೆ. ಕಾಲಿಗೆ ಉದ್ದದ ದಾರ ಕಟ್ಟಿ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಒಂದು ದಿನ ತಪ್ಪಿದರೂ ಕಲಿತದ್ದು ನೀರಲ್ಲಿ ಹೋಮ. ಜ್ವರ, ಹಬ್ಬ, ಬಂದ್, ಹಕ್ಕಿಗೆ ಯಾವುದೂ ಲೆಕ್ಕವಿಲ್ಲ. ತಂಗಿಯ ಮಗನ ಮದುವೆಗೆ ಊಟ ಮುಗಿದ ಮೇಲೆ ತಲುಪಿದೆ. ಅದಕ್ಕೆ ತಂಗಿಯ ಬೈಗುಳ ಇವತ್ತಿಗೂ ಕೇಳುತ್ತಿದ್ದೇನೆ.

ಸಿಳ್ಳೆ ತಾತನದೇ: ಎರಡು ಗಿಡ್ಡ, ಒಂದು ಉದ್ದ. ಚಿಕ್ಕವಳಿದ್ದಾಗ ಅದನ್ನು ಕಲಿತು, ಹೆಣ್ಣುಮಕ್ಕಳು ಸಿಳ್ಳೆ ಹಾಕ್ತಾರಾ ಎಂದು ಅಜ್ಜಿಯಿಂದ ಬೈಸಿಕೊಂಡಿದ್ದೆ. ಮೊದಲ ಸಲ ಬಿಜ್ಜು ಬಯಲಿನ ಆ ತುದಿಯಿಂದ ಹುಲ್ಲು ಸವರಿಕೊಂಡು ಬಂದು ನನ್ನ ಕೈಮೇಲೆ ಇಳಿದಾಗ ಅಳು ಬಂತು. ನನಗಾಗಿ ಬಂತು ಅನ್ನಿಸಿತು. ಹಾಗನ್ನಿಸುವುದೇ ಮೋಸ ಎಂದು ತಾತ ಹೇಳುತ್ತಿದ್ದರು. "ಪೇಟ್ ಭರೇ ಸೋ ಬಾಜ್ ಕಿಸ್ಕಾ ಬೀ ನೈ" ಎಂಬುದು ನಮ್ಮ ಮನೆಯ ದಖನಿ ಉರ್ದುವಿನಲ್ಲಿ ಅವರ ಮಾತು. ಹೊಟ್ಟೆ ತುಂಬಿದ ಗಿಡುಗ ಯಾರದ್ದೂ ಅಲ್ಲ.

ಒಮ್ಮೆ ಕೇಂದ್ರ ನೋಡಲು ಬಂದ ದೊಡ್ಡ ಮನುಷ್ಯರೊಬ್ಬರು ಹಕ್ಕಿಯನ್ನು ತಮ್ಮ ಕೈಮೇಲೆ ಕೂರಿಸಿ ಎಂದರು. "ಒಂದೇ ಒಂದ್ ಫೋಟೊ ಮೇಡಂ. ಎಷ್ಟ್ ಕ್ಯೂಟ್ ಆಗಿದೆ!"

"ಸಾರ್, ಅದಕ್ಕೆ ನಿಮ್ಮನ್ನ ನೋಡಿದ್ರೆ ಹಂಗನ್ಸಲ್ಲ" ಎಂದೆ. ಡಾಕ್ಟರಮ್ಮ ನಗು ತಡೆಯಲಾಗದೆ ಒಳಗೆ ಓಡಿದಳು. ಮನೆಗೆ ಮರಳುವಾಗ ಬಸ್ಸಿನಲ್ಲಿ ಯೋಚಿಸಿದೆ. ಅವರಿಗೆ ಒಂದು ಫೋಟೊ ಸಾಕಿತ್ತು, ನನಗೆ ಹಕ್ಕಿ ದಿನಾ ಬೇಕಾಗಿತ್ತು. ನಮ್ಮಿಬ್ಬರಲ್ಲಿ ಆಸೆಬುರುಕರು ಯಾರು?

ಒಂದು ಬೆಳಗ್ಗೆ ಸಿಳ್ಳೆಗೆ ಹೊರಟ ಬಿಜ್ಜು ದಾರಿಯಲ್ಲೇ ತಿರುಗಿ ಪೊದೆಗೆ ಎರಗಿತು. ಓಡಿಹೋಗಿ ನೋಡಿದರೆ ಉಗುರಲ್ಲಿ ಓತಿಕ್ಯಾತ. ರೆಕ್ಕೆ ಅಗಲಿಸಿ ಅದನ್ನು ಮರೆಮಾಡಿಕೊಂಡು, ಕದಿಯಲು ಬಂದವಳನ್ನು ನೋಡುವಂತೆ ನನ್ನನ್ನು ನೋಡಿತು. "ಮುಗೀತು ಮೇಡಂ, ಪಾಸ್!" ಎಂದು ಡಾಕ್ಟರಮ್ಮ ಕುಣಿದಳು. ನಾನೂ ನಕ್ಕೆ. ಒಳಗೊಳಗೆ, ಇನ್ನೊಂದು ವಾರ ಇರಬಾರದಾ ಎಂದುಕೊಂಡೆ.

ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನ ಮರಗಳ ಹತ್ತಿರ ಬಿಡುವುದೆಂದಾಯಿತು. ತಾತನ ಕಟ್ಟಳೆಯೊಂದಿತ್ತು: ಬಿಡುವ ದಿನ ತೂಗಬಾರದು, ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಕು. ಹಸಿದ ಹಕ್ಕಿಯನ್ನು ಬಿಟ್ಟರೆ ಬಿಟ್ಟಂತಲ್ಲ, ಸುತ್ತಿ ಬಳಸಿ ಕೈಗೇ ಬರುತ್ತದೆ. ಅವತ್ತು ಕೊಟ್ಟೆ, ಕೊಟ್ಟೆ, ಅದು ಮುಖ ತಿರುಗಿಸುವವರೆಗೂ ಕೊಟ್ಟೆ. ಒಂದೊಂದು ತುಣುಕೂ ನಮ್ಮ ನಡುವಿನ ನಂಟನ್ನು ಕೊಯ್ಯುತ್ತಿತ್ತು. ಕಾಲಿನ ಪಟ್ಟಿ ಕತ್ತರಿಸಿದೆ. ಬಿಜ್ಜು ಕೈಗವಸಿಗೆ ಕೊಕ್ಕು ಒರೆಸಿಕೊಂಡಿತು, ಮೈ ಕೊಡವಿತು, ಹೋಯಿತು. ಹಿಂತಿರುಗಿ ನೋಡಲಿಲ್ಲ. ನೋಡಲಿ ಎಂದು ನಾನು ಎಷ್ಟು ಬಯಸಿದೆ ಎಂಬುದು ನನಗೇ ಗೊತ್ತು.

ಪ್ರತಿ ವರ್ಷ ಹಕ್ಕಿ ಬಿಟ್ಟ ಮೇಲೆ ತಾತ ಸಂಜೆ ಮಹಡಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಹಕ್ಕಿ ವಾಪಸ್ ಬರುತ್ತಾ ಅಂತ ನೋಡ್ತಿದೀರಾ ಎಂದು ಕೇಳಿದ್ದೆ. "ಇಲ್ಲಮ್ಮ, ಬರದೇ ಇರ್ಲಿ ಅಂತ ನೋಡ್ತಿದೀನಿ" ಎಂದಿದ್ದರು. ತಾತ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಮೊನ್ನೆ ಸಂಜೆ ಬಟ್ಟೆ ತೆಗೆಯಲು ಮಹಡಿಗೆ ಹೋದಾಗ ಅಳಿಲುಗಳೆಲ್ಲ ಕಿರುಚುತ್ತಿದ್ದವು. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಬಿಜ್ಜು ಕೂತಿತ್ತು. ಅದೇನಾ? ಬೆಳೆದರೆ ಅವುಗಳ ಕಣ್ಣಿನ ಬಣ್ಣವೂ ಬದಲಾಗುತ್ತದೆ, ಗುರುತು ಸಿಗುವುದಿಲ್ಲ. ತಿಳಿಯಲು ಒಂದೇ ದಾರಿ, ಸಿಳ್ಳೆ. ಬಂದರೆ ನನ್ನದೇ. ಆದರೆ ಬಂದರೆ, ಹಸಿದಿದೆ ಎಂದರ್ಥ. ಎಡಗೈ ಆಗಲೇ ಮೇಲೆದ್ದಿತ್ತು. ತುಟಿ ಬಿಗಿಹಿಡಿದು ನಿಂತೆ.

ಬಿಜ್ಜು ಹೆಬ್ಬಾಳದ ಕಡೆಗೆ ಹಾರಿತು. ತಂಗಿ ಮೇಲೆ ಬಂದಳು. "ಏನೇ ನೋಡ್ತಿದೀಯ ಅಲ್ಲಿ?"

"ಬರದೇ ಇರ್ಲಿ ಅಂತ ನೋಡ್ತಿದೀನಿ" ಎಂದೆ. ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದೆ.